‘ಕಂಪನಿಯಿಂದ ಫ್ರೀ ಔಷಧ’ ಅಂದ್ರೆ ಏನು? ಎಸ್‌ಎಂಎ ಮಕ್ಕಳ ಪೋಷಕರು ಸಹಿ ಹಾಕೋ ಮುಂಚೆ ತಿಳ್ಕೊಳ್ಳಿ

ಹಾವೇರಿ: ‘16 ಕೋಟಿ ಇಂಜೆಕ್ಷನ್ ಬೇಕು, ಮಗು ಉಳಿಸಿ’ ಅನ್ನೋ ಮೆಸೇಜ್ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತೆ. ಆ ಕಾಯಿಲೆಯ ಹೆಸರು ಎಸ್‌ಎಂಎ, ಅಂದ್ರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ. ಇದು ವಂಶವಾಹಿ ದೋಷದಿಂದ ಬರುವ ಕಾಯಿಲೆ. ಸ್ನಾಯುಗಳನ್ನು ನಡೆಸುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಸತ್ತ ಕೋಶ ಮತ್ತೆ ಹುಟ್ಟಲ್ಲ. ಹಾಗಾಗಿ ಒಂದೊಂದು ತಿಂಗಳೂ ಮುಖ್ಯ.

ಇಂಜೆಕ್ಷನ್ ಬಿಟ್ಟರೆ ದಿನಾ ಬಾಯಿಗೆ ಹಾಕುವ ‘ರಿಸ್ಡಿಪ್ಲಾಮ್’ ಔಷಧವೂ ಇದೆ. ರೋಶ್ ಕಂಪನಿಯ ಬಾಟಲಿಗೆ ಸುಮಾರು 6 ಲಕ್ಷ ರೂ. ಬೆಲೆ ಇತ್ತು. 20 ಕೆ.ಜಿ. ತೂಕದ ಮಗುವಿಗೆ ಒಂದು ಬಾಟಲಿ 12 ದಿನಕ್ಕೆ ಖಾಲಿ. ವರ್ಷಕ್ಕೆ 30 ಬಾಟಲಿ, ಅಂದ್ರೆ 1.8 ಕೋಟಿ!

ಇಲ್ಲೇ ಬರುತ್ತೆ ‘ಪೇಷಂಟ್ ಸಪೋರ್ಟ್’

ಶೆಡ್ಯೂಲ್ ಎಚ್ ಔಷಧಗಳಿಗೆ ಕೇಂದ್ರದ ಅನುಮತಿ ಇಲ್ಲದೆ ಜಾಹೀರಾತು ಕೊಡುವಂತಿಲ್ಲ. ವೈದ್ಯರಿಗೆ ಉಡುಗೊರೆ ಕೊಡಬಾರದು ಅಂತ 2024ರ ಮಾರ್ಕೆಟಿಂಗ್ ಸಂಹಿತೆ ಹೇಳುತ್ತೆ. ರೋಗಿಗಳೂ ಬೆರಳೆಣಿಕೆ. ಹೀಗಾಗಿ ಇಂಥ ಔಷಧ ಮಾರುವ ಕಂಪನಿಗಳು ಕುಟುಂಬಗಳ ಜೊತೆಗೇ ನಿಲ್ಲುತ್ತವೆ. ಉಚಿತ ಜೀನ್ ಟೆಸ್ಟ್, ಸಹಾಯವಾಣಿ, ಇಷ್ಟು ಬಾಟಲಿ ಕೊಂಡರೆ ಇಷ್ಟು ಫ್ರೀ ಅನ್ನೋ ಯೋಜನೆ, ಹೀಗೆ.

ಇದು ಸುಳ್ಳು ಸಹಾಯ ಅಲ್ಲ. ಇದರಿಂದಲೇ ಔಷಧ ಸಿಕ್ಕ ಮಕ್ಕಳಿದ್ದಾರೆ. ಆದರೆ ಇದು ಮಾರಾಟದ ದಾರಿಯೂ ಹೌದು. ಬಾಟಲಿ ಫ್ರೀ ಸಿಕ್ಕರೂ ಬೋರ್ಡಿನ ಮೇಲಿನ ರೇಟು ಇಳಿಯಲ್ಲ. ಔಷಧ ಮಾತ್ರ ಜೀವನಪೂರ್ತಿ ಬೇಕು.

ರೇಟು ಇಳಿದದ್ದು ಹೇಗೆ?

ಹೈದರಾಬಾದಿನ ನ್ಯಾಟ್ಕೊ ಕಂಪನಿ ಇದೇ ಔಷಧದ ಜೆನೆರಿಕ್ ತಯಾರಿಸಿತು. ರೋಶ್ ಪೇಟೆಂಟ್ ಹಿಡಿದು ಕೋರ್ಟಿಗೆ ಹೋಯಿತು. ತಡೆಯಾಜ್ಞೆ ಕೊಡಲು ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲಿಲ್ಲ. ನ್ಯಾಟ್ಕೊ ಬಾಟಲಿಗೆ 15,900 ರೂ. ಅಂತ ಘೋಷಿಸಿತು. ಆ ಲೆಕ್ಕದಲ್ಲಿ 30 ಬಾಟಲಿಗೆ ಸುಮಾರು 4.8 ಲಕ್ಷ. ಕೂಲಿ ಮಾಡೋರಿಗೆ ಇದೂ ದೊಡ್ಡ ಮೊತ್ತವೇ.

ಸರ್ಕಾರದಿಂದ ಏನಿದೆ?

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂ. ವರೆಗೆ ನೆರವಿದೆ. ಹಣ ಕೈಗೆ ಬರಲ್ಲ, ಗುರುತಿಸಿದ ಕೇಂದ್ರದ ಮೂಲಕವೇ ಚಿಕಿತ್ಸೆ. ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಹಳೇ ರೇಟಿನಲ್ಲಿ 50 ಲಕ್ಷಕ್ಕೆ ಎಂಟು ಬಾಟಲಿ, ಅಂದ್ರೆ ಮೂರು ತಿಂಗಳ ಔಷಧ. ಹೊಸ ರೇಟಿನಲ್ಲಿ ಅದೇ ಹಣ ಹತ್ತು ವರ್ಷ ಬರುತ್ತೆ. ಬೆಲೆ ಯಾಕೆ ಮುಖ್ಯ ಅನ್ನೋದಕ್ಕೆ ಈ ಲೆಕ್ಕ ಸಾಕು.

ಸಹಿ ಹಾಕೋ ಮುಂಚೆ ಕೇಳಿ

* ಫ್ರೀ ಎಷ್ಟು ತಿಂಗಳು? ಮುಗಿದ ಮೇಲೆ ಯಾರು ಕೊಡ್ತಾರೆ?
* ಯೋಜನೆ ನಿಂತರೆ ಎಷ್ಟು ದಿನ ಮುಂಚೆ ಹೇಳ್ತೀರಿ?
* ಮಗುವಿನ ರಿಪೋರ್ಟ್, ಫೋಟೊ ಯಾರ ಕೈಗೆ ಹೋಗುತ್ತೆ? ಬೇಡ ಅಂದ್ರೂ ಔಷಧ ಸಿಗುತ್ತಾ?
* ಜೆನೆರಿಕ್‌ಗೆ ಬದಲಾಯಿಸಬಹುದಾ? ಇದನ್ನು ಕಂಪನಿಯವರನ್ನಲ್ಲ, ನಿಮ್ಮ ಡಾಕ್ಟರನ್ನೇ ಕೇಳಿ.

ಮಗು ಕುತ್ತಿಗೆ ನಿಲ್ಲಿಸ್ತಿಲ್ಲ, ಕಾಲು ಆಡಿಸ್ತಿಲ್ಲ ಅಂದ್ರೆ ‘ನಿಧಾನಕ್ಕೆ ಸರಿಹೋಗುತ್ತೆ’ ಅಂತ ಕಾಯಬೇಡಿ. ಜಿಲ್ಲಾಸ್ಪತ್ರೆಯ ಮಕ್ಕಳ ಡಾಕ್ಟರಿಗೆ ತೋರಿಸಿ. ಹಣ ಹೊಂದಿಸೋದು ಆಮೇಲಿನ ಮಾತು, ಮೊದಲು ರೋಗ ಯಾವುದು ಅಂತ ಗೊತ್ತಾಗಲಿ.