ಕಿಲೋವಾಟಿನ ಹಕಾರ

ಮಂಡ್ಯದ ಕಡೆ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವನು ನಾನು. ಆ ವರ್ಷಗಳಲ್ಲಿ ನನ್ನ ಕೆಂಪು ಶಾಯಿ ಹೆಚ್ಚು ಖರ್ಚಾದದ್ದು ಹಕಾರಕ್ಕೆ. ನಮ್ಮ ಸೀಮೆಯ ಮಕ್ಕಳ ಬಾಯಲ್ಲಿ ಹಾಲು ‘ಆಲು’, ಹಸು ‘ಅಸು’. ‘ಮರದ ಮೇಲೆ ಅಕ್ಕಿ ಕೂತಿತ್ತು’ ಎಂದು ಬರೆದ ಹುಡುಗನ ಉತ್ತರವನ್ನು ತರಗತಿಗೆಲ್ಲ ಓದಿ ನಗಿಸಿದ್ದೂ ಉಂಟು. ಆ ಹುಡುಗನ ಶಾಪವೋ ಏನೋ, ನಿವೃತ್ತಿಯಾದ ಮೇಲೆ ತಾರಸಿಗೆ ಸೋಲಾರ್ ಹಾಕಿಸಲು ಹೊರಟಾಗ ನಾನೇ ಒಂದು ಹಕಾರ ನುಂಗಿಬಿಟ್ಟೆ.

ನಮ್ಮ ಮನೆಯ ಬಿಲ್ಲು ತಿಂಗಳಿಗೆ 210 ಯೂನಿಟ್ಟಿನ ಆಸುಪಾಸು. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ 200ರ ಗೆರೆ ಹತ್ತೇ ಯೂನಿಟ್ಟಿನಲ್ಲಿ ದಾಟಿ, ಪೂರ್ತಿ ಹಣ ಕಟ್ಟುವ ಸಂಕಟ. ಮೂವತ್ತರಿಂದ ಭಾಗಿಸಿದೆ: ದಿನಕ್ಕೆ ಏಳು ಯೂನಿಟ್. ಬಿಲ್ಲಿನಲ್ಲಿ ಯೂನಿಟ್ ಎಂದರೆ ‘ಕೆಡಬ್ಲ್ಯುಎಚ್’ ಎಂದಿತ್ತು. ಸೋಲಾರ್ ಹಾಕುವವನ ದರಪಟ್ಟಿಯಲ್ಲಿ ‘ಕೆಡಬ್ಲ್ಯು’ ಎಂದಿತ್ತು. ಎರಡೂ ಒಂದೇ ಅಂದುಕೊಂಡು, ‘ಏಳು ಕಿಲೋವಾಟಿಂದು ಹಾಕಪ್ಪ’ ಅಂದೆ. ಬೇಡ ಎನ್ನಲು ಅವನಿಗೇನು ಬಂದಿತ್ತು? ‘ಆಯ್ತು ಸಾರ್’ ಅಂದ.

ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿರುವ ತಮ್ಮನ ಮಗಳು ಕೊಟೇಶನ್ ನೋಡಿ ನಕ್ಕಳು. ‘ದೊಡ್ಡಪ್ಪ, ಹಕ್ಕಿ ಎಣಿಸ್ಬುಟ್ಟು ಅಕ್ಕಿ ತರಕ್ಕೆ ಹೊಂಟಿದ್ದೀರಲ್ಲ! ಕೊನೇಲಿರೋ ಎಚ್ಚು ಗಂಟೆ. ಅದನ್ನ ಬಿಟ್ರೆ ಅರ್ಥಾನೇ ಬೇರೆ.’

ಅವಳು ಹೇಳಿದ್ದು ನನಗೆ ತಲೆಗೆ ಹತ್ತಿದ್ದು ಅಪ್ಪನ ಹಿಟ್ಟಿನ ಮಿಷನ್ನು ನೆನಪಾದಾಗ. ಅದರ ಮೋಟಾರು ಹತ್ತು ಎಚ್‌ಪಿ. ಪಂಪ್‌ಸೆಟ್ ಇರುವ ಯಾವ ರೈತನನ್ನು ಕೇಳಿದರೂ ಎಚ್‌ಪಿ ಎಂದರೇನೆಂದು ಹೇಳಿಯಾನು. ಅದು ಮೋಟಾರಿನ ತಾಕತ್ತು. ಒಂದು ಎಚ್‌ಪಿ ಎಂದರೆ 746 ವಾಟ್. ಸಾವಿರ ವಾಟಿಗೆ ಒಂದು ಕಿಲೋವಾಟ್. ಹಾಗಾಗಿ ಅಪ್ಪನ ಮೋಟಾರು ಸುಮಾರು ಏಳೂವರೆ ಕಿಲೋವಾಟಿನದು. ಆದರೆ ರಾಗಿ ಬೀಸಿಸಲು ಬಂದವರು ಯಾರೂ ಎಚ್‌ಪಿ ಲೆಕ್ಕದಲ್ಲಿ ದುಡ್ಡು ಕೊಡುತ್ತಿರಲಿಲ್ಲ. ಬೀಸಿದ್ದು ಎಷ್ಟು ಸೇರೋ ಅಷ್ಟಕ್ಕೆ ಕೊಡುತ್ತಿದ್ದರು. ಮೋಟಾರು ಇಡೀ ದಿನ ಸುಮ್ಮನೆ ನಿಂತಿದ್ದರೂ ಹತ್ತು ಎಚ್‌ಪಿಯೇ. ಓಡಿದರೆ ತಾನೇ ಹಿಟ್ಟು?

ಕಿಲೋವಾಟ್ ಎಂದರೆ ತಾಕತ್ತು, ಕಿಲೋವಾಟ್-ಗಂಟೆ ಎಂದರೆ ಬೀಸಿದ ಹಿಟ್ಟು. ಒಂದು ಕಿಲೋವಾಟಿನ ಸಾಮಾನು ಒಂದು ಗಂಟೆ ಉರಿದರೆ ಒಂದು ಯೂನಿಟ್. ಎರಡು ಕಿಲೋವಾಟಿನ ಗೀಸರ್ ಕಾಲು ಗಂಟೆ ಉರಿದರೆ ಅರ್ಧ ಯೂನಿಟ್. ಮನೆಯೆಲ್ಲ ಅದುರುವಂತೆ ಕೂಗುವ 750 ವಾಟಿನ ಮಿಕ್ಸಿ ಹತ್ತು ನಿಮಿಷಕ್ಕೆ ತಿನ್ನುವುದು ಯೂನಿಟ್ಟಿನ ಎಂಟನೇ ಒಂದು ಪಾಲು ಮಾತ್ರ. ಸದ್ದೇ ಇಲ್ಲದ 75 ವಾಟಿನ ಹಳೇ ಫ್ಯಾನು ಇಪ್ಪತ್ತು ಗಂಟೆ ತಿರುಗಿದರೆ ಒಂದೂವರೆ ಯೂನಿಟ್. ಅಮ್ಮ ಬಲ್ಬನ್ನು ‘ನಲವತ್ತು ಕ್ಯಾಂಡ್ಲು’, ‘ಜೀರೋ ಕ್ಯಾಂಡ್ಲು’ ಎಂದು ಕರೆಯುತ್ತಿದ್ದಳು. ಆ ಜೀರೋ ಕೂಡ ಸೊನ್ನೆಯಲ್ಲ, ಹನ್ನೆರಡು ಹದಿನೈದು ವಾಟ್ ಎಳೆಯುತ್ತಿತ್ತು. ಈಗ ಒಂಬತ್ತು ವಾಟಿನ ಎಲ್ಇಡಿ ಇಡೀ ಪಡಸಾಲೆ ಬೆಳಗುತ್ತದೆ.

ಹಾಗಾದರೆ ತಾರಸಿಗೆ ಎಷ್ಟು ಕಿಲೋವಾಟ್ ಬೇಕು? ನಮ್ಮ ರಾಜ್ಯದ ಬಿಸಿಲಿಗೆ ಒಂದು ಕಿಲೋವಾಟ್ ಪ್ಯಾನಲ್ಲು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಹಗಲು ಹನ್ನೆರಡು ಗಂಟೆಯಿದ್ದರೂ ಹನ್ನೆರಡು ಯೂನಿಟ್ ಬರುವುದಿಲ್ಲ. ಬೆಳಗ್ಗೆ ಸಂಜೆ ಬಿಸಿಲು ಓರೆ, ನಡುವೆ ಮೋಡ. ನನಗೆ ಬೇಕಿದ್ದ ಏಳು ಯೂನಿಟ್ಟಿಗೆ ಎರಡು ಕಿಲೋವಾಟ್ ಧಾರಾಳ. 540 ವಾಟಿನ ನಾಲ್ಕು ಪ್ಯಾನಲ್ ಏರಿಸಿದೆವು. 2024ರಲ್ಲಿ ಬಂದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟಿಗೆ 60,000 ರೂಪಾಯಿ ಸಬ್ಸಿಡಿ, ಮೂರಕ್ಕೆ 78,000. ಅದರ ಮೇಲೆ ಎಷ್ಟು ಏರಿಸಿದರೂ 78,000ವೇ. ಏಳು ಹಾಕಿಸಿದ್ದರೆ ಮಿಕ್ಕಿದ್ದೆಲ್ಲ ನನ್ನ ಪಿಂಚಣಿಯಿಂದಲೇ.

ಪ್ಯಾನಲ್ಲಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುವ 540 ಪರೀಕ್ಷಾ ಕೊಠಡಿಯ ಅಂಕ. ಅದು ಬರಬೇಕಾದರೆ ಚದರ ಮೀಟರಿಗೆ 1000 ವಾಟ್ ಬೆಳಕು ಬೀಳಬೇಕು, ಪ್ಯಾನಲ್ಲಿನ ಬಿಲ್ಲೆಗಳು 25 ಡಿಗ್ರಿಯಲ್ಲಿರಬೇಕು. ಏಪ್ರಿಲಿನ ನಡುಹಗಲಿನಲ್ಲಿ ನಮ್ಮ ತಾರಸಿಯ ಪ್ಯಾನಲ್ಲು 60 ಡಿಗ್ರಿ ಮುಟ್ಟುತ್ತದೆ. ಪ್ರತಿ ಡಿಗ್ರಿಗೆ ಶೇಕಡಾ ಒಂದರ ಮೂರನೇ ಒಂದು ಪಾಲಿನಷ್ಟು ಇಳುವರಿ ಕುಸಿದು, ಒಟ್ಟಿನಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ಖೋತಾ. ಪ್ಯಾನಲ್ಲಿಗೆ ಬೇಕಾದ್ದು ಬೆಳಕು, ಸೆಕೆಯಲ್ಲ. ಮಳೆ ನಿಂತು ಆಕಾಶ ತೊಳೆದಂತಾದ ತಂಪು ಹಗಲೇ ಅದಕ್ಕೆ ಹಬ್ಬ.

ಮೊದಲ ತಿಂಗಳು ಮತ್ತೊಂದು ಗೊಂದಲ. ಇನ್ವರ್ಟರ್ 240 ಯೂನಿಟ್ ತಯಾರಾಗಿದೆ ಎನ್ನುತ್ತಿತ್ತು. ಲೈನಿಗೆ ಹೋದದ್ದನ್ನೂ ಲೈನಿನಿಂದ ಬಂದದ್ದನ್ನೂ ಅಳೆಯುವ ನೆಟ್ ಮೀಟರು ಹೊರಗೆ ಹೋದದ್ದು 150 ಎನ್ನುತ್ತಿತ್ತು. ಉಳಿದ 90 ಯಾರ ಪಾಲಾಯಿತು? ಯಾರೂ ಕದ್ದಿರಲಿಲ್ಲ. ಹಗಲಲ್ಲಿ ನಮ್ಮ ಫ್ರಿಜ್ಜು, ಪಂಪು, ಗ್ರೈಂಡರುಗಳೇ ಅದನ್ನು ಬಳಸಿಕೊಂಡಿದ್ದವು. ಅದು ಬೀದಿ ಕಡೆಯ ಮೀಟರನ್ನು ದಾಟಿಯೇ ಇರಲಿಲ್ಲ. ರಾತ್ರಿ ಲೈನಿನಿಂದ ಒಳಬಂದದ್ದು 120. ತೊಂಬತ್ತಕ್ಕೆ ನೂರಿಪ್ಪತ್ತು ಸೇರಿಸಿ ನೋಡಿ, ಅದೇ ಹಳೇ 210! ಬಿಲ್ಲಿಗೆ ಬರುವುದು ಒಳಬಂದ 120, ಹೊರಹೋದ 150ರ ವ್ಯತ್ಯಾಸ. ಆದರೂ ಬಿಲ್ಲು ಸೊನ್ನೆಯಾಗುವುದಿಲ್ಲ. ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ ಇದ್ದೇ ಇದೆ, ಮತ್ತು ಆ ಲೋಡ್ ಹಕಾರವಿಲ್ಲದ ಬರೀ ಕಿಲೋವಾಟ್.

ಒಂದು ದಿನ ಸಂಜೆಗತ್ತಲಿಗೆ ಮುಂಚೆ ಕರೆಂಟು ಹೋಯಿತು. ಮೇಲೆ ಬಿಸಿಲಿದ್ದರೂ ಸೋಲಾರೂ ನಿಂತಿತು. ಕೆಟ್ಟಿತು ಎಂದು ಗಾಬರಿಯಾದೆ. ‘ಕಂಬದ ಮೇಲೆ ಲೈನ್‌ಮನ್ ಇರ್ತಾರೆ ದೊಡ್ಡಪ್ಪ, ನಿಮ್ಮನೆ ಕರೆಂಟು ಅವರಿಗೆ ಹೊಡೀಬಾರ್ದು ಅಂತ ತಾನೇ ಆಫ್ ಆಗುತ್ತೆ’ ಎಂದಳು ತಮ್ಮನ ಮಗಳು. ಕತ್ತಲೆಗೆ ಹಳೇ ಯುಪಿಎಸ್ಸೇ ಗತಿ. ಅದರ ಬ್ಯಾಟರಿಯ ಮೇಲೆ 12 ವೋಲ್ಟ್, 150 ಎಎಚ್ ಎಂದಿದೆ. ಇಲ್ಲೂ ಒಂದು ಹಕಾರ: ಆಂಪಿಯರ್-ಗಂಟೆ. ಹನ್ನೆರಡನ್ನು ನೂರೈವತ್ತರಿಂದ ಗುಣಿಸಿದರೆ 1800 ವಾಟ್-ಗಂಟೆ, ಅಂದರೆ 1.8 ಯೂನಿಟ್. ನೂರೈವತ್ತೆಂಬ ದೊಡ್ಡ ಅಂಕದೊಳಗೆ ಅಡಗಿರುವುದು ಎರಡು ಯೂನಿಟ್ಟೂ ಅಲ್ಲ.

ಇಷ್ಟನ್ನೂ ನಂಬಲಾರದವರು ಮೀಟರಿನ ಕೆಂಪು ದೀಪ ಎಣಿಸಬಹುದು. ನಮ್ಮ ಮೀಟರಿನ ಮೇಲೆ 3200 ಎಂಬ ಅಂಕೆಯಿದೆ. ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ರಾತ್ರಿ ಮಿಕ್ಕೆಲ್ಲ ಆರಿಸಿ ಗೀಸರ್ ಒಂದನ್ನೇ ಹಾಕಿ, ಗಡಿಯಾರ ಹಿಡಿದು ನಿಂತೆವು. ನಿಮಿಷಕ್ಕೆ ನೂರಾ ಏಳು! ಗಂಟೆಗೆ ಲೆಕ್ಕ ಹಾಕಿದರೆ ಎರಡು ಯೂನಿಟ್, ಚೀಟಿಯಲ್ಲಿದ್ದ ಎರಡು ಕಿಲೋವಾಟಿಗೆ ಸರಿಯಾಗಿ.

ಮೊನ್ನೆ ಸಂತೆಯಲ್ಲಿ ಹಳೇ ಶಿಷ್ಯನೊಬ್ಬ ಸಿಕ್ಕ. ‘ಮೇಷ್ಟ್ರೇ, ಸೋಲಾರ್ ಹಾಕ್ಸಿದ್ದೀರಂತೆ. ದಿನಕ್ಕೆ ಎಷ್ಟು ಕಿಲೋವಾಟು ಬತ್ತದೆ?’

‘ಅಕ್ಕಿ ಕೇಳ್ತಿದ್ದೀಯೋ, ಹಕ್ಕಿ ಕೇಳ್ತಿದ್ದೀಯೋ?’ ಎಂದೆ.

ಅವನು ಒಂದು ಗಳಿಗೆ ನನ್ನ ಮುಖ ನೋಡಿ ಜೋರಾಗಿ ನಕ್ಕ. ಅಂದು ತರಗತಿಯಲ್ಲಿ ನಗಿಸಿಕೊಂಡ ಹುಡುಗ ಅವನೇ. ಚೀಲ ಕೆಳಗಿಟ್ಟು, ‘ಈಗ ಹೇಳ್ಕೊಡಿ’ ಅಂದ. ಈ ಸಲ ನನ್ನ ತಪ್ಪಿನಿಂದಲೇ ಪಾಠ ಶುರುಮಾಡಿದೆ.