ನಿಮಗಿದು ಗೊತ್ತೇ? ಯುರೋಪಿನ ಜಗಳ, ಆಫ್ರಿಕದ ತಲೆಹೊರೆ

1914ರಲ್ಲಿ ಯುರೋಪಿನ ದೊರೆಗಳು ಕಾದಾಟಕ್ಕಿಳಿದಾಗ ಪೂರ್ವ ಆಫ್ರಿಕದ ಹಳ್ಳಿಗರಿಗೆ ಅದರ ತಲೆಬುಡ ತಿಳಿದಿರಲಿಲ್ಲ. ಆದರೆ ಇವತ್ತಿನ ಕೀನ್ಯ ಆಗ ಬ್ರಿಟಿಷರದು, ಪಕ್ಕದ ಟಾಂಜಾನಿಯದ ಬಹುಭಾಗ ಜರ್ಮನರದು. ಒಡೆಯರು ಜಗಳವಾಡಿದರೆ ಅದು ಬೇಲಿ ಹಾರಿ ಬರುವುದು ಒಕ್ಕಲುಗಳ ಮನೆಗೇ ತಾನೆ?

● ಈ ಯುದ್ಧದಲ್ಲಿ ಎತ್ತು, ಕುದುರೆಗಳು ಬಾಳಲೇ ಇಲ್ಲ. ತ್ಸೆತ್ಸೆ ನೊಣ ಕಚ್ಚಿ, ರೋಗ ತಗುಲಿ ಸಾಲುಸಾಲಾಗಿ ಸತ್ತವು. ಹಾಗಾಗಿ ಗುಂಡು, ಡೇರೆ, ಹಿಟ್ಟಿನ ಮೂಟೆ ಎಲ್ಲವೂ ಮನುಷ್ಯರ ತಲೆಯ ಮೇಲೆ. ಬ್ರಿಟಿಷರ ಕಡೆಯಿಂದ ಹೊರೆ ಹೊತ್ತವರು ಸುಮಾರು 10 ಲಕ್ಷ. ಊರ ಮುಖಂಡನಿಗೆ ಇಷ್ಟು ಜನ ಬೇಕೆಂದು ಅಪ್ಪಣೆ ಬರುತ್ತಿತ್ತು. ಅವನು ಬಡವರ, ದಿಕ್ಕಿಲ್ಲದವರ ಮಕ್ಕಳನ್ನೇ ಮುಂದೆ ತಳ್ಳುತ್ತಿದ್ದದ್ದೂ ಉಂಟು.

● ಒಂದು ಲೆಕ್ಕ ಹಾಕಿ. ಒಬ್ಬನ ತಲೆಯ ಮೇಲೆ 25 ಕಿಲೋ ಹಿಟ್ಟು, ಅವನ ಹೊಟ್ಟೆಗೆ ದಿನಕ್ಕೆ 1 ಕಿಲೋ. 12 ದಿನ ನಡೆದು ಹೋಗಿ 12 ದಿನ ನಡೆದು ಬರಬೇಕೆಂದರೆ ಸೈನಿಕನಿಗೆ ಉಳಿಯುವುದು 1 ಕಿಲೋ! ದಾರಿ ಉದ್ದವಾದಂತೆಲ್ಲ ಹೊರುವವನ ಪಡಿಗೇ ಕತ್ತರಿ ಬಿತ್ತು.

● ಕೊಡುತ್ತಿದ್ದುದು ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟು. ನಮ್ಮ ಮುದ್ದೆಯ ಹಾಗೆ ಅದನ್ನೂ ಚೆನ್ನಾಗಿ ಬೇಯಿಸಿ ತಿರುವಬೇಕು. ದಣಿದು ಬಂದವರಿಗೆ ಪಾತ್ರೆ ಸಾಲದು, ಮಳೆಯಲ್ಲಿ ಸೌದೆ ಹೊತ್ತದು. ಬಾಳೆಕಾಯಿ ಬೇಯಿಸಿ ಉಂಡು ಬೆಳೆದ ಉಗಾಂಡದವರಿಗಂತೂ ಆ ಅರೆಬೆಂದ ತರಿ ವಿಷವಾಯಿತು. ಗುಂಡೇಟಿಗಿಂತ ರಕ್ತಭೇದಿ, ಮಲೇರಿಯಗಳೇ ಹೆಚ್ಚು ಜನರನ್ನು ಕೊಂದವು. ಸರ್ಕಾರಿ ಲೆಕ್ಕದಲ್ಲೇ ಸತ್ತ ಹೊರೆಯಾಳುಗಳು ಸುಮಾರು 95,000.

● ಜರ್ಮನರ ಕೈಲಿದ್ದ ಟಾಂಗಾ ಊರಿನ ಜನ ಮರಗಳಲ್ಲಿ ಜೇನುಗೂಡು ತೂಗುಹಾಕುತ್ತಿದ್ದರು. 1914ರ ನವೆಂಬರ್‌ನಲ್ಲಿ ಅಲ್ಲಿ ಗುಂಡು ಹಾರಿದಾಗ ಜೇನ್ನೊಣಗಳು ಎದ್ದು ಎರಡೂ ಕಡೆಯವರನ್ನು ಅಟ್ಟಾಡಿಸಿದವು. ಬ್ರಿಟಿಷರ ಪರವಾಗಿ ಕಡಲು ದಾಟಿ ಹೋಗಿ ಅಲ್ಲಿ ಸೋತವರಲ್ಲಿ ನಮ್ಮ ಬೆಂಗಳೂರು ಬ್ರಿಗೇಡ್ ಕೂಡ ಇತ್ತು. ಜರ್ಮನರೇ ಜೇನು ಛೂಬಿಟ್ಟರು ಎಂದು ಆಮೇಲೆ ಪುಕಾರು. ಸೋತವರಿಗೆ ಒಂದು ನೆಪ ಬೇಕಲ್ಲ!

● ಇಂದಿನ ಮಲಾವಿಯ ಪಾದ್ರಿ ಜಾನ್ ಚಿಲೆಂಬ್ವೆ 1914ರಲ್ಲೇ ಪತ್ರಿಕೆಗೆ ಕಾಗದ ಬರೆದು, ಸಾಯಲು ಬಡ ಆಫ್ರಿಕನ್ನರೇ ಏಕೆ, ಸಾಹುಕಾರರು ಹೋಗಲಿ ಎಂದು ಕೇಳಿದ. ಸೆನ್ಸಾರ್ ಅದನ್ನು ತಡೆಯಿತು. 1915ರ ಜನವರಿಯಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ. ಫೆಬ್ರವರಿಯಲ್ಲಿ ಗುಂಡಿಗೆ ಬಲಿಯಾದ.

● ಟಾಂಜಾನಿಯದ ಒಣಸೀಮೆ ಉಗೋಗೊದಲ್ಲಿ ಮೊದಲು ಜರ್ಮನ್ ಪಡೆ, ಆಮೇಲೆ ಬ್ರಿಟಿಷ್ ಪಡೆ ದನ, ಧಾನ್ಯ ಬಾಚಿಕೊಂಡವು. ದುಡಿಯುವ ಗಂಡಸರು ಹೊರೆಯ ಕೆಳಗೆ. ಮೇಲೆ ಮಳೆಯೂ ಕೈಕೊಟ್ಟಿತು. ಅಲ್ಲಿನವರು ‘ಮ್ಟುನ್ಯ’ ಎಂದು ಕರೆಯುವ ಆ ಬರಗಾಲದಲ್ಲಿ ಸುಮಾರು 30,000 ಜನ ಸತ್ತರೆಂದು ಅಂದಾಜು.

● ನೈರೋಬಿಯ ಕರಿಯೋಕೊರ್, ದಾರ್ ಎಸ್ ಸಲಾಮ್‌ನ ಕರಿಯಾಕೂ ಪೇಟೆಗಳ ಹೆಸರು ಬಂದದ್ದು ‘ಕ್ಯಾರಿಯರ್ ಕೋರ್’ ಎಂಬ ಹೊರೆಯಾಳು ದಳದಿಂದ.

● ಯುರೋಪಿನಲ್ಲಿ ಯುದ್ಧ ನಿಂತದ್ದು 1918ರ ನವೆಂಬರ್ 11ಕ್ಕೆ. ಜರ್ಮನ್ ಸೇನಾನಿ ಲೆಟ್ಟೊ-ಫೋರ್ಬೆಕ್ ಶರಣಾದದ್ದು ನವೆಂಬರ್ 25ಕ್ಕೆ, ಇಂದಿನ ಜಾಂಬಿಯದಲ್ಲಿ. ಅಷ್ಟರಲ್ಲಿ ಇನ್‌ಫ್ಲುಯೆಂಜ ಹಳ್ಳಿ ಹೊಕ್ಕಿತ್ತು.

● ಬದುಕಿ ಬಂದವರಿಗೆ ಸಿಕ್ಕ ಬಹುಮಾನವನ್ನೂ ಕೇಳಿ. ಕೀನ್ಯದಲ್ಲಿ 1915ರ ಕಾನೂನೊಂದು ಯುದ್ಧ ಮುಗಿದ ಮೇಲೆ ಜಾರಿಗೆ ಬಂದು, ಆಫ್ರಿಕನ್ ಗಂಡಸರೆಲ್ಲ ಬೆರಳಚ್ಚಿದ್ದ ‘ಕಿಪಾಂಡೆ’ ಎಂಬ ಗುರುತಿನ ಚೀಟಿಯನ್ನು ಇಟ್ಟುಕೊಳ್ಳಬೇಕಾಯಿತು. ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದರು. ಸತ್ತವರ ಸಂಬಳ? ಎಷ್ಟೋ ಜನರ ಹೆಸರು, ಊರುಗಳನ್ನು ಸರಿಯಾಗಿ ಬರೆದುಕೊಂಡೇ ಇರಲಿಲ್ಲ. ಯಾರೂ ಕೇಳಿ ಪಡೆಯದ ಆ ಹಣ ದೊಡ್ಡ ಮೊತ್ತವೇ ಆಗಿತ್ತು. ಅದು ಮನೆಯವರ ಕೈಸೇರದೆ ಸರ್ಕಾರದ ಬಳಿಯೇ ಉಳಿಯಿತು.