ಜೀಡಿಮೆಟ್ಲಾದಲ್ಲಿ ಸ್ವಯಂಸೇವಕನ ಮೊದಲ ವಾರ

ಸೇವಾಕಾಂಕ್ಷೆಯಿಂದ ಪರನಾಡಿಗೆ ತೆರಳುವ ಕನ್ನಡಿಗನಿಗೆ ಹೈದರಾಬಾದಿನ ಉತ್ತರಭಾಗದ ಜೀಡಿಮೆಟ್ಲಾ ತೀರ ಪರಕೀಯವೆನಿಸದು. ಏಕೆಂದರೆ ಕಲಬುರಗಿ, ಬೀದರ, ರಾಯಚೂರುಗಳು 1956ರವರೆಗೆ ಹೈದರಾಬಾದು ರಾಜ್ಯದ ಅಂಗಗಳೇ ಆಗಿದ್ದುವು. ಮೇಲಾಗಿ ಕನ್ನಡ ತೆಲುಗು ಲಿಪಿಗಳು ಏಕಮೂಲದಿಂದ ಕವಲೊಡೆದುವಾದ ಕಾರಣ, ತಲೆಕಟ್ಟಿನ ಭೇದವೊಂದನ್ನು ಗಮನಿಸಿದನೆಂದರೆ, ಅಂಗಡಿಯ ಫಲಕಗಳನ್ನು ಮೊದಲ ದಿನವೇ ಕೂಡಿಸಿ ಓದಿಯಾನು.

ಆದರೆ ಫಲಕವನ್ನು ಓದಿದ ಮಾತ್ರಕ್ಕೆ ಊರು ಒಲಿಯದು. ಔಷಧ, ರಾಸಾಯನಿಕ ಮೊದಲಾದ ಕಾರ್ಖಾನೆಗಳಿಂದ ನಿಬಿಡವಾದ ಈ ಕೈಗಾರಿಕಾ ಪ್ರದೇಶದಲ್ಲಿ ಬಿಹಾರ, ಒಡಿಶಾಗಳಿಂದ ಬಂದ ಶ್ರಮಿಕರೂ ನೆಲಸಿರುವುದರಿಂದ, ಅವರ ಮಕ್ಕಳಿಗೆ ಪಾಠ ಹೇಳಹೊರಟವನಿಗೆ ತೆಲುಗಿಗಿಂತ ಮೊದಲು ಹಿಂದಿಯೇ ಬೇಕಾದೀತು. ನನ್ನ ಮತದಲ್ಲಿ ಮೊದಲ ವಾರ ಪಾಠವನ್ನೇ ಆರಂಭಿಸಕೂಡದು. ಕಾರ್ಖಾನೆಯ ಪಾಳಿ ಎಷ್ಟು ಹೊತ್ತಿಗೆ ಮುಗಿಯುವುದು, ತಾಯಂದಿರು ಯಾವಾಗ ಮನೆಯಲ್ಲಿರುವರು, ಬೀದಿಗೆ ಕುಡಿಯುವ ನೀರು ಎಂದು ಬರುವುದು, ಯಾವ ಮಗು ತಮ್ಮನನ್ನು ಎತ್ತಿಕೊಂಡೇ ತರಗತಿಗೆ ಬರಬೇಕಾಗುವುದು ಎಂಬುದನ್ನು ವಿಚಾರಿಸುವುದರಲ್ಲಿಯೇ ಆ ವಾರ ಸಲ್ಲಲಿ.

ಊಟದ ಚಿಂತೆ ಅನಾವಶ್ಯಕ; ಗೋಂಗೂರ ಪಚ್ಚಡಿಯಲ್ಲಿ ಉತ್ತರ ಕರ್ನಾಟಕದವನಿಗೆ ಮನೆಯ ಪುಂಡಿಪಲ್ಯದ ಹುಳಿಯೇ ದೊರೆಯುವುದು. ಕನ್ನಡ ಕೇಳಬೇಕೆನಿಸಿದರೆ ನಗರದ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವುಂಟು, ನೃಪತುಂಗ ಶಾಲೆಯುಂಟು. ಹೊರಡುವವರಿದ್ದರೆ, ಮೊದಲ ಭಾನುವಾರವೇ ಅತ್ತ ಹೋಗಿ ಪರಿಚಯ ಮಾಡಿಕೊಳ್ಳಿ.